ವಾದ್ಯವೃಂದದ ಅಂಗಳದಲ್ಲಿ ಐರ್ಲೆಂಡಿನ ಪಿಟೀಲು

ಪಿಟೀಲು ಎಂದೂ ವಯೊಲಿನ್ ಎಂದೂ ನಾವು ಕರೆಯುವ ವಾದ್ಯ ಒಂದೇ. ಪಿಟೀಲು ಎಂಬ ನಮ್ಮ ಮಾತು ಇಂಗ್ಲಿಷಿನ 'ಫಿಡಲ್' ಎಂಬ ಪದದಿಂದಲೇ ಹುಟ್ಟಿದ್ದು. ಐರ್ಲೆಂಡಿನಲ್ಲಿಯೂ ಈ ಎರಡು ಹೆಸರುಗಳಿವೆ. ಆದರೆ ಅಲ್ಲಿ ಅವು ಎರಡು ಬೇರೆ ಬೇರೆ ಲೋಕಗಳನ್ನು ಸೂಚಿಸುತ್ತವೆ. ಹಳ್ಳಿಯ ಮನೆಯಲ್ಲಿ ಒಲೆಯ ಬಳಿ ಕುಳಿತು ನೆರೆಹೊರೆಯವರ ಕುಣಿತಕ್ಕೆ ನುಡಿಸಿದರೆ ಅದು ಫಿಡಲ್. ಸಭಾಂಗಣದಲ್ಲಿ ಸ್ವರಲಿಪಿಯನ್ನು ಎದುರಿಗಿಟ್ಟುಕೊಂಡು ನುಡಿಸಿದರೆ ಅದು ವಯೊಲಿನ್. ಮರ ಅದೇ, ತಂತಿಗಳು ನಾಲ್ಕೇ. ಬೇರೆಯಾಗಿರುವುದು ಕೈ, ಕಿವಿ ಮತ್ತು ಸಂಸ್ಕಾರ. ಈ ಎರಡು ಲೋಕಗಳು ಒಂದೇ ವೇದಿಕೆಯಲ್ಲಿ ಸಂಧಿಸಿದಾಗ ಏನಾಗುತ್ತದೆ ಎಂಬುದನ್ನು ಈ ವಾರ ಪರಿಶೀಲಿಸೋಣ.

ಐರಿಷ್ ಪಿಟೀಲು ಮೂಲತಃ ಕೇಳಿ ಕಲಿಯುವ ವಿದ್ಯೆ. ಅದರ ಒಂದು ಮಟ್ಟು ಸಾಮಾನ್ಯವಾಗಿ ಎರಡು ಭಾಗಗಳಿಂದ ಕೂಡಿರುತ್ತದೆ. ಒಂದೊಂದು ಭಾಗವೂ ತಾಳದ 8 ಆವರ್ತಗಳಷ್ಟು. ಎರಡನ್ನೂ ಎರಡೆರಡು ಬಾರಿ ನುಡಿಸಿದರೆ 32 ಆವರ್ತಗಳಲ್ಲಿ ಒಂದು ಸುತ್ತು ಮುಗಿಯುತ್ತದೆ. ಮತ್ತೊಮ್ಮೆ ಅದೇ ಮಟ್ಟು ಬಂದಾಗ ವಾದಕನು ಅದನ್ನು ಇದ್ದಂತೆಯೇ ಒಪ್ಪಿಸುವುದಿಲ್ಲ. ಇಲ್ಲೊಂದು ಸ್ವರವನ್ನು ಸುತ್ತಿ ಬಳಸುತ್ತಾನೆ, ಅಲ್ಲೊಂದು ಸ್ವರವನ್ನು ಚಿಮ್ಮಿಸುತ್ತಾನೆ, ಕಮಾನಿನ ಎಳೆತವನ್ನು ಬದಲಿಸುತ್ತಾನೆ. ನಮ್ಮ ಸಂಗೀತದ ಗಮಕಗಳಂತೆ ಇವು ಹೊರಗಿನಿಂದ ತೊಡಿಸಿದ ಆಭರಣಗಳಲ್ಲ. ಅವನ್ನು ತೆಗೆದರೆ ಮಟ್ಟಿನ ಜೀವವೇ ಹೋಗುತ್ತದೆ. ಸಿಂಫನಿ ವಾದ್ಯವೃಂದದ ಧರ್ಮ ಇದಕ್ಕೆ ತೀರ ವಿರುದ್ಧ. ಅಲ್ಲಿ ಅರವತ್ತು ಎಂಬತ್ತು ಮಂದಿ ಒಂದೇ ಗ್ರಂಥಕ್ಕೆ ಬದ್ಧರು. ಬರೆದುದನ್ನು ಬರೆದಂತೆ, ನಿರ್ದೇಶಕರು ಕೈಯೆತ್ತಿದ ಕ್ಷಣದಲ್ಲಿಯೇ ನುಡಿಸುವುದು ಅವರ ಶಿಸ್ತು.

ಈ ಎರಡರ ನಡುವಿನ ಅಂತರ ಸಾಮಾಜಿಕವಾದುದೂ ಹೌದು. ಮನೆಗಳಲ್ಲಿ ನಡೆಯುತ್ತಿದ್ದ ಕುಣಿತದ ಕೂಟಗಳನ್ನು ಐರ್ಲೆಂಡಿನ ಧರ್ಮಗುರುಗಳಲ್ಲಿ ಅನೇಕರು ಸಂಶಯದಿಂದ ಕಂಡರು. 1935ರಲ್ಲಿ ಸಾರ್ವಜನಿಕ ನೃತ್ಯಶಾಲೆಗಳ ಕಾಯಿದೆ ಜಾರಿಗೆ ಬಂದು ಪರವಾನಗಿ ಕಡ್ಡಾಯವಾಯಿತು. ಮನೆಯೊಳಗಿನ ಕೂಟಗಳನ್ನು ಅಡಗಿಸುವುದಕ್ಕೂ ಅದೇ ಕಾಯಿದೆ ಬಳಕೆಯಾಯಿತು. ಕುಣಿತ ಧರ್ಮಕೇಂದ್ರದ ಸಭಾಭವನಕ್ಕೆ ಬಂದಿತು. ದೊಡ್ಡ ಭವನವನ್ನು ತುಂಬಲು ಒಂಟಿ ಪಿಟೀಲು ಸಾಲದೆ ವಾದ್ಯತಂಡಗಳು ಬೆಳೆದವು. ಹೀಗೆ ಧರ್ಮಸಭೆಯು ಒಂದು ಕೈಯಿಂದ ಕಿತ್ತುಕೊಂಡು ಇನ್ನೊಂದು ಕೈಯಿಂದ ಆಶ್ರಯ ಕೊಟ್ಟಿತೆಂದರೆ ತಪ್ಪಾಗಲಾರದು. ಇದು ಇತಿಹಾಸ, ಇದನ್ನು ಮುಚ್ಚಿಡುವುದರಿಂದ ಯಾರಿಗೂ ಪ್ರಯೋಜನವಿಲ್ಲ.

ಹಳ್ಳಿಯ ಮಟ್ಟು ಸಿಂಫನಿಯ ವೇದಿಕೆಗೆ ಹಂತಹಂತವಾಗಿ ಏರಿತು. 1959ರಲ್ಲಿ ಬಂದ 'ಮಿಶೆ ಏರ' ಎಂಬ ಚಲನಚಿತ್ರಕ್ಕೆ ಶಾನ್ ಓ ರಿಯಾಡ ಅವರು ಗೇಲಿಕ್ ಗೀತೆಗಳ ಮಟ್ಟುಗಳನ್ನಾಧರಿಸಿ ವಾದ್ಯವೃಂದದ ಸಂಗೀತವನ್ನು ರಚಿಸಿದರು. ಜನ ತಮ್ಮ ಹಳೆಯ ಹಾಡನ್ನು ಹೊಸ ಗಾಂಭೀರ್ಯದಲ್ಲಿ ಕೇಳಿ ಪುಳಕಿತರಾದರು. ಆದರೆ ವೇದಿಕೆಯನ್ನೇರಿದ್ದು ಮಟ್ಟು ಮಾತ್ರ, ಅದನ್ನು ಕಾಪಾಡಿಕೊಂಡು ಬಂದ ವಾದಕನಲ್ಲ. ಓ ರಿಯಾಡ ಅವರೇ ಮುಂದೆ ಸಾಂಪ್ರದಾಯಿಕ ವಾದಕರ ತಂಡವನ್ನು ಕಟ್ಟಿದರು. ದ್ವಿತೀಯ ವ್ಯಾಟಿಕನ್ ಮಹಾಸಭೆಯ ತರುವಾಯ ಕೂಲ್ ಈ ಎಂಬ ಹಳ್ಳಿಯ ಗಾಯಕವೃಂದಕ್ಕಾಗಿ ಐರಿಷ್ ಭಾಷೆಯ ಬಲಿಪೂಜೆಗೆ ರಾಗ ಸಂಯೋಜಿಸಿದರು. 1971ರಲ್ಲಿ, ತಮ್ಮ ನಲವತ್ತನೆಯ ವಯಸ್ಸಿನಲ್ಲಿ ನಿಧನರಾದರು.

ವಾದಕನೇ ವೇದಿಕೆಯ ಮುಂಭಾಗಕ್ಕೆ ಬಂದ ಕೃತಿಗಳಲ್ಲಿ 1980ರ 'ದಿ ಬ್ರೆಂಡನ್ ವಾಯೇಜ್' ಪ್ರಮುಖವಾದುದು. ಸಂತ ಬ್ರೆಂಡನ್ ಅವರ ಸಾಗರಯಾನದ ಕಥೆಯನ್ನು ಪರೀಕ್ಷಿಸಲೆಂದು ಟಿಮ್ ಸೆವೆರಿನ್ ಎಂಬ ಸಾಹಸಿಯು 1976-77ರಲ್ಲಿ ಚರ್ಮ ಹೊದಿಸಿದ ದೋಣಿಯಲ್ಲಿ ಐರ್ಲೆಂಡಿನಿಂದ ನ್ಯೂಫೌಂಡ್‌ಲೆಂಡ್ ತಲುಪಿದ್ದರು. ಆ ಯಾನವನ್ನೇ ವಸ್ತುವಾಗಿಸಿ ಶಾನ್ ಡೇವಿ ಈ ಕೃತಿಯನ್ನು ರಚಿಸಿದರು. ಮೊಣಕೈಯಿಂದ ತಿದಿಯೊತ್ತಿ ನುಡಿಸುವ ಐರಿಷ್ ಪೈಪ್‌ ಇಲ್ಲಿ ಆ ಪುಟ್ಟ ದೋಣಿಯಾಯಿತು, ವಾದ್ಯವೃಂದವು ಕಡಲಾಯಿತು. ವಾದಕರಾದ ಲಿಯಮ್ ಓಫ್ಲಿನ್ ಅವರು ತಮ್ಮ ಪರಂಪರೆಯನ್ನು ಬಿಡದೆಯೇ ಆ ಕಡಲನ್ನು ದಾಟಿದರು.

ಅದೇ ದಾರಿಯಲ್ಲಿ ಪಿಟೀಲನ್ನು ದೂರ ಕೊಂಡೊಯ್ದವರಲ್ಲಿ ಐಲೀನ್ ಐವರ್ಸ್ ಒಬ್ಬರು. ಮೇಯೋ ಪ್ರಾಂತ್ಯದಿಂದ ವಲಸೆ ಬಂದ ದಂಪತಿಯ ಮಗಳಾಗಿ 1965ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಜನಿಸಿದ ಆಕೆ, ಲಿಮರಿಕ್ ಮೂಲದ ಮಾರ್ಟಿನ್ ಮಲ್ವಿಹಿಲ್ ಅವರ ಬಳಿ ಬಾಲ್ಯದಲ್ಲೇ ಪಿಟೀಲು ಕಲಿತರು. ಅಖಿಲ ಐರ್ಲೆಂಡ್ ಪಿಟೀಲು ಸ್ಪರ್ಧೆಯಲ್ಲಿ ಒಂಬತ್ತು ಬಾರಿ ಗೆದ್ದರು. ಕ್ರಿಶ್ಚಿಯನ್ ಬ್ರದರ್ಸ್ ಸ್ಥಾಪಿಸಿದ ಅಯೋನಾ ಕಾಲೇಜಿನಲ್ಲಿ ಗಣಿತಶಾಸ್ತ್ರದ ಪದವಿ ಪಡೆದರು. 'ರಿವರ್‌ಡ್ಯಾನ್ಸ್' ನೃತ್ಯಪ್ರದರ್ಶನದ ಪಿಟೀಲುವಾದಕಿಯಾಗಿ ಲೋಕಪ್ರಸಿದ್ಧರಾದರು. ಲಂಡನ್ ಸಿಂಫನಿ, ಬಾಸ್ಟನ್ ಪಾಪ್ಸ್ ಮೊದಲಾದ ಹಲವಾರು ವಾದ್ಯವೃಂದಗಳೊಡನೆ ಅತಿಥಿ ವಾದಕಿಯಾಗಿ ನುಡಿಸಿದರು.

ಇಂಥ ಅತಿಥಿಯ ಮುಂದಿರುವ ತೊಡಕುಗಳು ಸಣ್ಣವಲ್ಲ. ರೀಲ್ ಎಂಬ ಕುಣಿತದ ಮಟ್ಟಿನಲ್ಲಿ ಸ್ವರಗಳು ಕಾಗದದ ಮೇಲೆ ಸಮವಾಗಿ ಕಂಡರೂ ನುಡಿಸುವಾಗ ಸಮವಲ್ಲ, ಅವುಗಳಲ್ಲೊಂದು ತೂಗಾಟವಿದೆ. ಬರೆದಂತೆ ನುಡಿಸಿದರೆ ಕುಣಿಯುವವರ ಕಾಲೇಳದು. ಹಿಂದಿನ ಸಾಲಿನ ವಾದಕರು ವೇದಿಕೆಯ ತುದಿಯಲ್ಲಿರುವವರಿಂದ ಎಷ್ಟೋ ಗಜ ದೂರದಲ್ಲಿರುವುದರಿಂದ ವೇಗದ ಮಟ್ಟಿನಲ್ಲಿ ಕೊಂಚ ಹಿಂದೆ ಬಿದ್ದರೂ ಇಡೀ ನಡಿಗೆ ಕುಂಟುತ್ತದೆ. ಇನ್ನೂ ದೊಡ್ಡ ತೊಡಕೆಂದರೆ, ವಾದಕಿಗೆ ಆ ಕ್ಷಣದಲ್ಲಿ ಹೊಳೆದುದಕ್ಕೆ ಬರೆದಿಟ್ಟ ಗ್ರಂಥದಲ್ಲಿ ಎಡೆಯೆಲ್ಲಿ?

ವಿವೇಕಿಯಾದ ಸಂಯೋಜಕನು ಇದಕ್ಕೆ ಪರಿಹಾರ ಕಂಡುಕೊಳ್ಳುತ್ತಾನೆ. ವಾದ್ಯವೃಂದದ ಪಿಟೀಲುಗಳಿಂದೆಲ್ಲ ಅದೇ ಮಟ್ಟನ್ನು ನುಡಿಸಿ ಅತಿಥಿಯ ದನಿಯನ್ನು ಹೂತುಹಾಕುವುದಿಲ್ಲ. ಕೆಳಗಿನಿಂದ ದೀರ್ಘ ಸ್ವರಗಳ ಆಧಾರವನ್ನಿತ್ತು, ಮೇಲೆ ಆಕೆಗೆ ಬಯಲನ್ನು ಬಿಡುತ್ತಾನೆ. ಬಿಲ್ ವೀಲನ್ ಅವರ 'ಇನಿಶ್‌ಲ್ಯಾಕನ್' ಎಂಬ ಕೃತಿಯು ಈ ಪ್ರಶ್ನೆಯನ್ನು ನೇರವಾಗಿಯೇ ಎದುರಿಸಿದೆ. ಅದರಲ್ಲಿ ಶಾಸ್ತ್ರೀಯ ವಯೊಲಿನ್ ಮತ್ತು ಹಳ್ಳಿಯ ಪಿಟೀಲು ಎರಡೂ ಪ್ರಧಾನ ವಾದ್ಯಗಳೇ. ಫಿಯೊನೂಲಾ ಹಂಟ್ ಮತ್ತು ಜೋಯಿ ಕಾನ್ವೇ ಅಕ್ಕಪಕ್ಕ ನಿಂತು, ಒಂದೇ ವಾದ್ಯದ ಎರಡು ನುಡಿಗಳಲ್ಲಿ ಸಂವಾದ ನಡೆಸಿದರು.

ಐಕ್ಯತೆ ಬೇರೆ, ಏಕರೂಪತೆ ಬೇರೆ ಎಂದು ತತ್ತ್ವಶಾಸ್ತ್ರವು ನಮಗೆ ಕಲಿಸುತ್ತದೆ. ಭಾಗಗಳು ತಮ್ಮತನವನ್ನು ಕಳೆದುಕೊಂಡರೆ ಉಳಿಯುವುದು ರಾಶಿಯೇ ಹೊರತು ಪೂರ್ಣವಲ್ಲ. ಎಲ್ಲ ಸಮಾಗಮಗಳೂ ಸಫಲವಾಗಿಲ್ಲ. ಪಿಟೀಲಿನ ಮೊನಚನ್ನೆಲ್ಲ ಅರೆದು, ಸಭಾಂಗಣಕ್ಕೆ ಹಿತವಾಗುವಂತೆ ನಯಗೊಳಿಸಿದ ಪ್ರಯೋಗಗಳೂ ಉಂಟು. ಹಳ್ಳಿಯ ವಾದಕರು ಅವನ್ನು ಕೇಳಿ ಸುಮ್ಮನಾದರೆ ಅವರನ್ನು ದೂರುವಂತಿಲ್ಲ.

ಆದುದರಿಂದ ಅತಿಥಿ ಎಂಬ ಪದವನ್ನು ನಾವು ಸರಿಯಾಗಿ ಅರಿಯಬೇಕಾಗಿದೆ. ಅತಿಥಿಗೆ ತನ್ನ ಬಟ್ಟೆಯನ್ನು ತೊಡಿಸಿ, ತನ್ನ ಮಾತನ್ನೇ ಆಡಿಸುವ ಮನೆಯೊಡೆಯನು ಸತ್ಕಾರ ಮಾಡಿದಂತಾಗದು. ಶ್ರುತಿ ಸೇರಿಸುವ ಹೊತ್ತಿನಲ್ಲಿ ಐರಿಷ್ ವಾದಕಿಯು ವಾದ್ಯವೃಂದದ ಶ್ರುತಿಗೆ ತನ್ನ ತಂತಿಯನ್ನು ಹೊಂದಿಸಿಕೊಳ್ಳುತ್ತಾಳೆ. ಅದು ಅತಿಥಿಯ ಸೌಜನ್ಯ. ರೀಲ್ ಆರಂಭವಾದ ಮೇಲೆ ಆಕೆಯ ಕಮಾನಿನ ತೂಗಾಟಕ್ಕೆ ಇಡೀ ವಾದ್ಯವೃಂದವು ಕಿವಿಗೊಡಬೇಕಾಗುತ್ತದೆ. ಅದು ಆತಿಥೇಯರ ಸೌಜನ್ಯ. ಇವೆರಡರಲ್ಲಿ ಒಂದು ತಪ್ಪಿದರೂ ಸಂಗೀತ ಕೆಡುತ್ತದೆ.