ಮನೆಯ ರೌಟರ್ ಬದಲಿಸಿದ ನಂತರ ನೆಟ್‌ವರ್ಕ್ ಪ್ರಿಂಟರ್‌ನ ಮರುಜೋಡಣೆ

ನೆಟ್‌ವರ್ಕ್ ಪ್ರಿಂಟರ್‌ನ ಮರುಜೋಡಣೆ ಎಂದರೆ, ಮನೆಯ ಹಳೆಯ ರೌಟರ್‌ನ ಸ್ಥಾನದಲ್ಲಿ ಹೊಸದನ್ನು ಅಳವಡಿಸಿದಾಗ ಸಂಪರ್ಕ ಕಳೆದುಕೊಳ್ಳುವ ಪ್ರಿಂಟರನ್ನು ಹೊಸ ಜಾಲಕ್ಕೆ ಸೇರಿಸಿ, ಕಂಪ್ಯೂಟರ್ ಮತ್ತು ಮೊಬೈಲ್‌ಗಳಿಂದ ಮುದ್ರಣ ಮತ್ತೆ ಸಾಧ್ಯವಾಗುವಂತೆ ಮಾಡುವ ಕ್ರಮ. ರೌಟರ್ ಬದಲಾದೊಡನೆ ಕಂಪ್ಯೂಟರ್ ಪರದೆಯ ಮೇಲೆ ಪ್ರಿಂಟರ್ 'ಆಫ್‌ಲೈನ್' ಎಂದು ಕಾಣಿಸಿಕೊಳ್ಳುತ್ತದೆ. ಇದನ್ನು ಯಂತ್ರದ ದೋಷವೆಂದು ಭಾವಿಸಿ ದುರಸ್ತಿಗೆ ಒಯ್ಯುವುದೂ ಹೊಸ ಪ್ರಿಂಟರ್ ಕೊಳ್ಳುವುದೂ ಉಂಟು. ವಾಸ್ತವದಲ್ಲಿ ಯಂತ್ರಕ್ಕೆ ಯಾವ ಹಾನಿಯೂ ಆಗಿರುವುದಿಲ್ಲ. ಅದರಲ್ಲಿ ಮತ್ತು ಕಂಪ್ಯೂಟರ್‌ನಲ್ಲಿ ಉಳಿದಿರುವ ಹಳೆಯ ಮಾಹಿತಿಯನ್ನು ಬದಲಿಸಿದರೆ ಸಾಕಾಗುತ್ತದೆ.

ಸಂಪರ್ಕ ತಪ್ಪಲು ಕಾರಣ

ರೌಟರ್ ಮನೆಯೊಳಗಿನ ಸಾಧನಗಳನ್ನು ಒಂದು ಜಾಲವಾಗಿ ಬೆಸೆದು, ಆ ಜಾಲವನ್ನು ಅಂತರಜಾಲಕ್ಕೆ ಸೇರಿಸುತ್ತದೆ. ಪ್ರತಿಯೊಂದು ವೈ-ಫೈ ಜಾಲಕ್ಕೂ ಒಂದು ಹೆಸರು ಹಾಗೂ ಒಂದು ಪಾಸ್‌ವರ್ಡ್ ಇರುತ್ತದೆ. ಮನೆಗಳಲ್ಲಿ ಬಳಕೆಯಲ್ಲಿರುವ ಡಬ್ಲ್ಯುಪಿಎ2 ಭದ್ರತಾ ಕ್ರಮದಲ್ಲಿ ಪಾಸ್‌ವರ್ಡ್ 8ರಿಂದ 63 ಅಕ್ಷರಗಳಷ್ಟು ಇರಬಹುದು. ಮೊದಲ ಜೋಡಣೆಯ ಸಮಯದಲ್ಲಿ ಪ್ರಿಂಟರ್ ಇವೆರಡನ್ನೂ ತನ್ನ ಸ್ಮೃತಿಯಲ್ಲಿ ಉಳಿಸಿಕೊಳ್ಳುತ್ತದೆ. ಹೊಸ ರೌಟರ್‌ನ ಜಾಲಕ್ಕೆ ಬೇರೆ ಹೆಸರು ಇದ್ದರೆ, ಪ್ರಿಂಟರ್ ಇಲ್ಲದಿರುವ ಹಳೆಯ ಜಾಲವನ್ನೇ ಹುಡುಕುತ್ತಿರುತ್ತದೆ.

ಎರಡನೆಯ ಕಾರಣ ಐಪಿ ವಿಳಾಸಕ್ಕೆ ಸಂಬಂಧಿಸಿದ್ದು. ಜಾಲದಲ್ಲಿರುವ ಪ್ರತಿಯೊಂದು ಸಾಧನಕ್ಕೂ ರೌಟರ್ ಒಂದೊಂದು ವಿಳಾಸವನ್ನು ಹಂಚುತ್ತದೆ. ಈ ಹಂಚಿಕೆಯ ವಿಧಾನಕ್ಕೆ ಡಿಎಚ್‌ಸಿಪಿ ಎಂದು ಹೆಸರು. ಹಳೆಯ ರೌಟರ್ ಪ್ರಿಂಟರ್‌ಗೆ 192.168.1.25 ಎಂಬ ವಿಳಾಸ ನೀಡಿದ್ದರೆ, ಹೊಸದು 192.168.0.104 ಎಂಬ ವಿಳಾಸ ನೀಡಬಹುದು. ಕಂಪ್ಯೂಟರ್ ಮಾತ್ರ ಮುದ್ರಣದ ಕಡತಗಳನ್ನು ಹಳೆಯ ವಿಳಾಸಕ್ಕೇ ಕಳುಹಿಸುತ್ತಿರುತ್ತದೆ.

ಹೀಗೆ ಎರಡು ಕೊಂಡಿಗಳು ಕಳಚಿರುತ್ತವೆ. ಒಂದು ಪ್ರಿಂಟರ್ ಮತ್ತು ರೌಟರ್ ನಡುವಿನದು, ಇನ್ನೊಂದು ಕಂಪ್ಯೂಟರ್ ಮತ್ತು ಪ್ರಿಂಟರ್ ನಡುವಿನದು. ಮೊದಲನೆಯದನ್ನು ಸರಿಪಡಿಸದೆ ಎರಡನೆಯದನ್ನು ಸರಿಪಡಿಸಲು ಬರುವುದಿಲ್ಲ. ಕಂಪ್ಯೂಟರ್‌ನಲ್ಲಿ ಪ್ರಿಂಟರ್ ತಂತ್ರಾಂಶವನ್ನು ಎಷ್ಟು ಬಾರಿ ಅಳಿಸಿ ಸ್ಥಾಪಿಸಿದರೂ ಫಲ ದೊರೆಯದಿರುವುದಕ್ಕೆ ಇದೇ ಕಾರಣ.

ಕರಾವಳಿಯ ಸನ್ನಿವೇಶ

ಕರ್ನಾಟಕದ ಕರಾವಳಿಯಲ್ಲಿ ರೌಟರ್ ಬದಲಾವಣೆಗೆ ಸಿಡಿಲು ಒಂದು ಕಾರಣ. ಮುಂಗಾರಿಗೆ ಮೊದಲು ಏಪ್ರಿಲ್–ಮೇ ತಿಂಗಳುಗಳಲ್ಲಿ ಹಾಗೂ ಮುಂಗಾರಿನ ನಂತರ ಅಕ್ಟೋಬರ್–ನವೆಂಬರ್‌ಗಳಲ್ಲಿ ಇಲ್ಲಿ ಸಂಜೆಯ ಹೊತ್ತು ಗುಡುಗು ಸಹಿತ ಮಳೆಯಾಗುತ್ತದೆ. ಫೈಬರ್ ಸಂಪರ್ಕದ ಗಾಜಿನ ಎಳೆ ವಿದ್ಯುತ್ತನ್ನು ಸಾಗಿಸುವುದಿಲ್ಲವಾದರೂ, ಅಡಾಪ್ಟರ್ ಹಾಗೂ ತಾಮ್ರದ ತಂತಿಗಳ ಮೂಲಕ ನುಗ್ಗುವ ಅಧಿಕ ವೋಲ್ಟೇಜ್ ರೌಟರನ್ನು ಹಾಳುಮಾಡಬಲ್ಲದು. ಗುಡುಗು ಕೇಳಿಸಲಾರಂಭಿಸುವ ಮೊದಲೇ ಪ್ಲಗ್ ಕಳಚಿಡುವುದು ರೌಟರ್ ಮತ್ತು ಪ್ರಿಂಟರ್ ಎರಡಕ್ಕೂ ರಕ್ಷಣೆ.

ಮಂಗಳೂರು ನಗರದ ಅತ್ತಾವರದಂತಹ ಬಡಾವಣೆಯಲ್ಲಿ ಮರುಜೋಡಣೆಗೆ ಇನ್ನೆರಡು ತೊಡಕುಗಳು ಸೇರಿಕೊಳ್ಳಬಹುದು. ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿರುವ ಈ ಪ್ರದೇಶದಲ್ಲಿ ವಸತಿ ಸಮುಚ್ಚಯಗಳೂ ವಿದ್ಯಾರ್ಥಿಗಳ ಬಾಡಿಗೆ ವಸತಿಗಳೂ ಇವೆ. ಇಂತಹ ಕಟ್ಟಡಗಳಲ್ಲಿ ಪ್ರಿಂಟರ್‌ನ ಪಟ್ಟಿಯಲ್ಲಿ ನೆರೆಮನೆಗಳ ಜಾಲಗಳೂ ಕಾಣಿಸಿಕೊಳ್ಳುವುದರಿಂದ ಸರಿಯಾದ ಹೆಸರನ್ನು ಗುರುತಿಸಿ ಆರಿಸಬೇಕಾಗುತ್ತದೆ. ಹಳೆಯ ಹೆಂಚಿನ ಮನೆಗಳ ದಪ್ಪನೆಯ ಕೆಂಪುಕಲ್ಲಿನ ಗೋಡೆಗಳು ವೈ-ಫೈ ಅಲೆಗಳನ್ನು ಕುಗ್ಗಿಸುತ್ತವೆ. ಆದುದರಿಂದ ಜೋಡಣೆ ಮುಗಿಯುವವರೆಗೆ ಪ್ರಿಂಟರನ್ನು ರೌಟರ್ ಇರುವ ಕೋಣೆಯಲ್ಲೇ ಇರಿಸುವುದು ಅನುಕೂಲ.

ಸುಲಭ ವಿಧಾನ

ಹೊಸ ರೌಟರ್‌ಗೆ ಹಳೆಯ ಜಾಲದ ಹೆಸರನ್ನೂ ಪಾಸ್‌ವರ್ಡನ್ನೂ ಯಥಾವತ್ತಾಗಿ ನೀಡುವುದು ಅತ್ಯಂತ ಸರಳವಾದ ಮಾರ್ಗ. ಅಕ್ಷರಗಳ ದೊಡ್ಡ–ಸಣ್ಣ ರೂಪ, ನಡುವಿನ ಖಾಲಿ ಜಾಗ ಹಾಗೂ ಭದ್ರತಾ ಕ್ರಮ ಎಲ್ಲವೂ ಮೊದಲಿನಂತೆಯೇ ಇರಬೇಕು. ಆಗ ಪ್ರಿಂಟರ್ ಮಾತ್ರವಲ್ಲದೆ ಟಿವಿ, ಮೊಬೈಲ್ ಮುಂತಾದವೂ ಸಾಮಾನ್ಯವಾಗಿ ತಾವಾಗಿಯೇ ಸೇರಿಕೊಳ್ಳುತ್ತವೆ. ಹಳೆಯ ಪಾಸ್‌ವರ್ಡ್ ದುರ್ಬಲವಾಗಿದ್ದರೆ ಅಥವಾ ಹಲವರಿಗೆ ತಿಳಿದಿದ್ದರೆ ಈ ವಿಧಾನ ತಕ್ಕುದಲ್ಲ.

ಹಂತಹಂತದ ಕ್ರಮ

1. ಮೊಬೈಲನ್ನು ಹೊಸ ಜಾಲಕ್ಕೆ ಸೇರಿಸಿ, ರೌಟರ್ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ಪರೀಕ್ಷಿಸಬೇಕು.

2. ಕಂಪ್ಯೂಟರ್‌ನಲ್ಲಿ ಸರದಿಯಲ್ಲಿ ಉಳಿದಿರುವ ಮುದ್ರಣಗಳನ್ನು ರದ್ದುಪಡಿಸಬೇಕು. ಇಲ್ಲವಾದರೆ ಸಂಪರ್ಕ ಮರಳಿದೊಡನೆ ಅವೆಲ್ಲವೂ ಒಟ್ಟಿಗೆ ಅಚ್ಚಾಗಿ ಕಾಗದ ಮತ್ತು ಶಾಯಿ ವ್ಯರ್ಥವಾಗಬಹುದು.

3. ಪರದೆಯುಳ್ಳ ಪ್ರಿಂಟರ್‌ನಲ್ಲಿ 'ಸೆಟ್ಟಿಂಗ್ಸ್' ಅಥವಾ 'ನೆಟ್‌ವರ್ಕ್' ವಿಭಾಗವನ್ನು ತೆರೆದು ಹೊಸ ಜಾಲದ ಹೆಸರನ್ನು ಆರಿಸಿ ಪಾಸ್‌ವರ್ಡ್ ನಮೂದಿಸಬೇಕು. ಪರದೆಯಿಲ್ಲದ ಪ್ರಿಂಟರ್‌ಗಳನ್ನು ತಯಾರಕರ ಮೊಬೈಲ್ ಆ್ಯಪ್ ಮೂಲಕ ಅಥವಾ ಡಬ್ಲ್ಯುಪಿಎಸ್ ಗುಂಡಿಯ ಮೂಲಕ ಸೇರಿಸಬಹುದು. ರೌಟರ್‌ನ ಗುಂಡಿಯನ್ನು ಒತ್ತಿದ 2 ನಿಮಿಷಗಳೊಳಗೆ ಪ್ರಿಂಟರ್‌ನ ಗುಂಡಿಯನ್ನೂ ಒತ್ತಬೇಕು. ಹಳೆಯ ಮಾಹಿತಿ ಅಡ್ಡಿಯಾಗುತ್ತಿದ್ದರೆ ಕೈಪಿಡಿಯಲ್ಲಿ ತಿಳಿಸಿರುವಂತೆ ಪ್ರಿಂಟರ್‌ನ ನೆಟ್‌ವರ್ಕ್ ವಿವರಗಳನ್ನು ಅಳಿಸಿ ಮೊದಲಿನಿಂದ ಆರಂಭಿಸಬೇಕು.

4. ಪ್ರಿಂಟರ್‌ನಿಂದಲೇ ನೆಟ್‌ವರ್ಕ್ ವಿವರದ ಪುಟವನ್ನು ಮುದ್ರಿಸಿ ಐಪಿ ವಿಳಾಸವನ್ನು ನೋಡಬೇಕು. ವಿಳಾಸದ ಮೊದಲ ಭಾಗ ಮೊಬೈಲ್‌ನ ವಿಳಾಸಕ್ಕೆ ಹೊಂದಿಕೆಯಾದರೆ ಮೊದಲ ಕೊಂಡಿ ಕೂಡಿದಂತಾಯಿತು. ಅದು 169.254 ಎಂದು ಆರಂಭವಾದರೆ ಪ್ರಿಂಟರ್‌ಗೆ ರೌಟರ್‌ನಿಂದ ವಿಳಾಸ ದೊರೆತಿಲ್ಲವೆಂದು ತಿಳಿಯಬೇಕು.

5. ಕಂಪ್ಯೂಟರ್‌ನ 'ಪ್ರಿಂಟರ್ಸ್ ಆ್ಯಂಡ್ ಸ್ಕ್ಯಾನರ್ಸ್' ವಿಭಾಗದಲ್ಲಿ ಹಳೆಯ ಪ್ರಿಂಟರ್ ನಮೂದನ್ನು ತೆಗೆದುಹಾಕಿ, ಹೊಸದಾಗಿ ಸೇರಿಸಬೇಕು. ಪಟ್ಟಿಯಲ್ಲಿ ಹೆಸರು ಕಾಣಿಸದಿದ್ದರೆ ನಾಲ್ಕನೆಯ ಹಂತದಲ್ಲಿ ದೊರೆತ ವಿಳಾಸವನ್ನು ನೇರವಾಗಿ ನಮೂದಿಸಬಹುದು.

6. ಪರೀಕ್ಷಾ ಪುಟವೊಂದನ್ನು ಮುದ್ರಿಸಿ ಎರಡನೆಯ ಕೊಂಡಿಯೂ ಕೂಡಿದೆಯೆಂದು ಖಚಿತಪಡಿಸಿಕೊಳ್ಳಬೇಕು.

ಸಾಮಾನ್ಯ ತೊಡಕುಗಳು

ತರಂಗಾಂತರದ ವ್ಯತ್ಯಾಸ: ವೈ-ಫೈ ಮುಖ್ಯವಾಗಿ 2.4 ಮತ್ತು 5 ಗಿಗಾಹರ್ಟ್ಸ್ ಪಟ್ಟಿಗಳಲ್ಲಿ ಕಾರ್ಯನಿರ್ವಹಿಸುತ್ತದೆ. ಮನೆಬಳಕೆಯ ಅನೇಕ ಪ್ರಿಂಟರ್‌ಗಳು 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಮಾತ್ರ ಗ್ರಹಿಸಬಲ್ಲವು. ರೌಟರ್‌ನಲ್ಲಿ ಆ ಪಟ್ಟಿ ನಿಂತಿದ್ದರೆ ಜಾಲದ ಹೆಸರೇ ಪ್ರಿಂಟರ್‌ಗೆ ಕಾಣಿಸುವುದಿಲ್ಲ.

ಭದ್ರತಾ ಕ್ರಮ: 2018ರಲ್ಲಿ ಪ್ರಕಟವಾದ ಡಬ್ಲ್ಯುಪಿಎ3 ಕ್ರಮವನ್ನು ಹಳೆಯ ಪ್ರಿಂಟರ್‌ಗಳು ಅರಿಯವು. ಆಗ ಪಾಸ್‌ವರ್ಡ್ ಸರಿಯಿದ್ದರೂ ಸಂಪರ್ಕ ವಿಫಲವಾಗುತ್ತದೆ. ರೌಟರ್‌ನಲ್ಲಿ ಡಬ್ಲ್ಯುಪಿಎ2 ಮತ್ತು ಡಬ್ಲ್ಯುಪಿಎ3 ಎರಡಕ್ಕೂ ಅವಕಾಶವಿರುವ ಮಿಶ್ರ ಆಯ್ಕೆಯನ್ನು, ಅದೂ ಫಲಿಸದಿದ್ದರೆ ಡಬ್ಲ್ಯುಪಿಎ2 ಮಾತ್ರದ ಆಯ್ಕೆಯನ್ನು ಬಳಸಬೇಕಾಗುತ್ತದೆ.

ಒಂದೇ ಮನೆಯಲ್ಲಿ ಎರಡು ಜಾಲ: ಸೇವಾದಾರರು ಫೈಬರ್ ಸಂಪರ್ಕದೊಡನೆ ಅಳವಡಿಸುವ ಪೆಟ್ಟಿಗೆಯೂ ವೈ-ಫೈ ಪ್ರಸಾರ ಮಾಡುವುದುಂಟು. ಅದಕ್ಕೆ ಪ್ರತ್ಯೇಕ ರೌಟರನ್ನು ಜೋಡಿಸಿದಾಗ ಮನೆಯಲ್ಲಿ ಎರಡು ಜಾಲಗಳು ಏರ್ಪಡಬಹುದು. ಪ್ರಿಂಟರ್ ಒಂದರಲ್ಲಿ, ಕಂಪ್ಯೂಟರ್ ಇನ್ನೊಂದರಲ್ಲಿ ಇದ್ದರೆ, ಎರಡರಲ್ಲಿಯೂ ಸಂಪರ್ಕ ಸೂಚಿಸುವ ದೀಪ ಬೆಳಗುತ್ತಿದ್ದರೂ ಮುದ್ರಣವಾಗದಿರಬಹುದು. ಅತಿಥಿಗಳಿಗೆಂದು ಮೀಸಲಾದ 'ಗೆಸ್ಟ್' ಜಾಲದಲ್ಲಿಯೂ ಸಾಧನಗಳು ಒಂದನ್ನೊಂದು ಕಾಣದಂತೆ ತಡೆಯಿರುತ್ತದೆ. ಎರಡೂ ಸಾಧನಗಳನ್ನು ಒಂದೇ ಜಾಲಕ್ಕೆ ತರುವುದು ಇದಕ್ಕೆ ಪರಿಹಾರ.

ತಾತ್ಕಾಲಿಕ ವ್ಯವಸ್ಥೆ: ಪ್ರವೇಶ ಪತ್ರ, ಅರ್ಜಿ ಮುಂತಾದವನ್ನು ತುರ್ತಾಗಿ ಮುದ್ರಿಸಬೇಕಾದಲ್ಲಿ ಯುಎಸ್‌ಬಿ ತಂತಿಯ ಮೂಲಕ ಕಂಪ್ಯೂಟರ್‌ಗೆ ನೇರವಾಗಿ ಜೋಡಿಸಬಹುದು. ವೈ-ಫೈ ಡೈರೆಕ್ಟ್ ಸೌಲಭ್ಯವಿರುವ ಪ್ರಿಂಟರ್‌ಗೆ ರೌಟರ್ ಇಲ್ಲದೆಯೂ ಮೊಬೈಲ್‌ನಿಂದ ಕಡತ ಕಳುಹಿಸಬಹುದು.

ವಿಳಾಸ ಬದಲಾಗದಂತೆ ಮಾಡುವಿಕೆ

ರೌಟರ್ ಹಂಚುವ ವಿಳಾಸವು ಒಂದು ಅವಧಿಗೆ ಮಾತ್ರ ಮೀಸಲಾಗಿರುವುದರಿಂದ ವಿದ್ಯುತ್ ಹೋಗಿ ಬಂದಾಗ ಅಥವಾ ಪ್ರಿಂಟರ್ ಬಹುಕಾಲ ಆರಿದ್ದಾಗ ಅದು ಬದಲಾಗಬಹುದು. ರೌಟರ್‌ನ ಡಿಎಚ್‌ಸಿಪಿ ವಿಭಾಗದಲ್ಲಿ ಪ್ರಿಂಟರ್‌ನ ಮ್ಯಾಕ್ ವಿಳಾಸಕ್ಕೆ ಒಂದು ಐಪಿ ವಿಳಾಸವನ್ನು ಕಾಯ್ದಿರಿಸಿದರೆ ಈ ತೊಂದರೆ ಮರುಕಳಿಸುವುದಿಲ್ಲ. ಮ್ಯಾಕ್ ವಿಳಾಸವು ತಯಾರಿಕೆಯ ಸಮಯದಲ್ಲಿಯೇ ನೀಡಲಾದ 12 ಅಂಕಿ–ಅಕ್ಷರಗಳ ಗುರುತು. ಇದು ನೆಟ್‌ವರ್ಕ್ ವಿವರದ ಪುಟದಲ್ಲಿ ದೊರೆಯುತ್ತದೆ.

ಸುರಕ್ಷತೆ

ಹೊಸ ರೌಟರ್‌ನ ನಿರ್ವಹಣಾ ಪುಟಕ್ಕೆ ತಯಾರಕರು ಇಟ್ಟಿರುವ ಪಾಸ್‌ವರ್ಡನ್ನು ಮೊದಲು ಬದಲಿಸಬೇಕು. ಡಬ್ಲ್ಯುಪಿಎಸ್‌ನ 8 ಅಂಕಿಗಳ ಪಿನ್ ವಿಧಾನವನ್ನು ಭೇದಿಸಬಹುದೆಂಬುದು 2011ರಲ್ಲಿ ಬಹಿರಂಗವಾಯಿತು. ಆದುದರಿಂದ ಗುಂಡಿಯ ಮೂಲಕ ಜೋಡಣೆ ಮುಗಿದ ಮೇಲೆ ಈ ಸೌಲಭ್ಯವನ್ನು ನಿಲ್ಲಿಸುವುದು ಕ್ಷೇಮಕರ.

ಕೆಲಸ ಮಾಡುವ ಸ್ಥಿತಿಯಲ್ಲಿರುವ ಹಳೆಯ ರೌಟರನ್ನು ಗುಜರಿಗೆ ಹಾಕುವ ಅಥವಾ ಸೇವಾದಾರರಿಗೆ ಹಿಂದಿರುಗಿಸುವ ಮೊದಲು 'ರೀಸೆಟ್' ಮಾಡಿ ಅದರಲ್ಲಿರುವ ಮಾಹಿತಿಯನ್ನು ಅಳಿಸಬೇಕು. ಪ್ರಿಂಟರನ್ನು ಇತರರಿಗೆ ನೀಡುವಾಗಲೂ ಇದೇ ಎಚ್ಚರಿಕೆ ಅಗತ್ಯ. ಮನೆಯ ಜಾಲದ ಪಾಸ್‌ವರ್ಡ್ ಅದರ ಸ್ಮೃತಿಯಲ್ಲಿಯೂ ಉಳಿದಿರುತ್ತದೆ.