ಕಿವಿಗೆ ಬೈಕಿನ ಕೀ ಹಾಕೋರು ಸ್ವಲ್ಪ ಇಲ್ಲಿ ಕೇಳಿ

ಜವನಗೊಂಡನಹಳ್ಳಿ: ಹಿರಿಯೂರಿನಿಂದ ಶಿರಾ ಕಡೆ ಹೋಗುವ ಹೆದ್ದಾರಿ ಪಕ್ಕದ ಈ ಹೋಬಳಿ ಊರಲ್ಲಿ ಬಸ್ಸಿಗೆ ಕಾಯುತ್ತ ನಿಂತವರ ಕೈಗಳನ್ನು ಒಮ್ಮೆ ನೋಡಬೇಕು. ಒಬ್ಬರ ಕೈಲಿ ಬೆಂಕಿಕಡ್ಡಿ, ಇನ್ನೊಬ್ಬರ ಕೈಲಿ ಬೈಕಿನ ಕೀ, ಮತ್ತೊಬ್ಬರ ಕೈಲಿ ಸೇಫ್ಟಿ ಪಿನ್ನು. ಎಲ್ಲವೂ ಹೋಗುವುದು ಒಂದೇ ಜಾಗಕ್ಕೆ, ಕಿವಿಗೆ! ಕಣ್ಣು ಅರ್ಧ ಮುಚ್ಚಿ, ಬಾಯಿ ಸೊಟ್ಟ ಮಾಡಿ ತಿರುಗಿಸುವ ಆ ಸುಖವೇ ಬೇರೆ ಅಂತಾರೆ. ಗಲ್ಲಾದ ಮುಂದೆ ಕೂತ ಅಂಗಡಿಯವರೂ ಕಮ್ಮಿಯಿಲ್ಲ. ಗಿರಾಕಿ ಇಲ್ಲದ ಮಧ್ಯಾಹ್ನ ಪೆನ್ನಿನ ಮುಚ್ಚಳಕ್ಕೆ ಅದೇ ಕೆಲಸ.

ಆಮೇಲೆ ಒಂದು ದಿನ ಬೇಳೆ ಕೇಳಿದವರಿಗೆ ಬಾಳೆಹಣ್ಣು ಕೊಡುವ ಪರಿಸ್ಥಿತಿ. "ಏನ್ ಯಜಮಾನ್ರೆ, ಕಿವಿ ಕೇಳಲ್ವಾ?" ಅಂದರೆ ಅದೂ ಕೇಳಿಸಿರುವುದಿಲ್ಲ.

ನಗುವ ವಿಷಯ ಇಷ್ಟಕ್ಕೇ ಮುಗಿಯಿತು. ಹಾರನ್ ಎಡಗಡೆಯಿಂದ ಬಂತೋ ಬಲಗಡೆಯಿಂದ ಬಂತೋ ಎಂದು ತಿಳಿಯಲು ಮನುಷ್ಯನಿಗೆ ಎರಡೂ ಕಿವಿ ಬೇಕು. ಒಂದು ಮುಚ್ಚಿದರೆ ಶಬ್ದ ಕೇಳೀತು, ದಿಕ್ಕು ಸರಿಯಾಗಿ ಗೊತ್ತಾಗದು. ಲಾರಿ, ಬಸ್ಸು, ಕಾರು ಹಗಲು ರಾತ್ರಿ ಓಡುವ ಹೆದ್ದಾರಿ ದಾಟುವ ಊರಿನವರಿಗೆ ಇದು ಜೀವದ ಪ್ರಶ್ನೆ.

ಹಾಗಾದರೆ ಕಿವಿ ಮುಚ್ಚುವುದು ಯಾಕೆ? ಬಹಳ ಸಲ ಗುಗ್ಗೆಯಿಂದ. ಆದರೆ ಗುಗ್ಗೆ ಕೊಳೆ ಅಲ್ಲ ಸ್ವಾಮಿ. ದೊಡ್ಡವರ ಕಿವಿಯ ನಾಳ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದ. ಅದರ ಹೊರಭಾಗದ ಚರ್ಮದಲ್ಲಿ ಮಾತ್ರ ಗುಗ್ಗೆ ತಯಾರಾಗುತ್ತದೆ. ಧೂಳು ಹಿಡಿಯುವುದು, ನೀರು ಇಂಗದಂತೆ ತಡೆಯುವುದು, ಕ್ರಿಮಿ ಬೆಳೆಯದಂತೆ ನೋಡಿಕೊಳ್ಳುವುದು ಅದರ ಕೆಲಸ. ಒಳಗಿನ ಚರ್ಮ ಉಗುರು ಬೆಳೆದ ಹಾಗೆ ನಿಧಾನವಾಗಿ ಹೊರಕ್ಕೆ ಸರಿಯುತ್ತ ಗುಗ್ಗೆಯನ್ನೂ ತಳ್ಳಿಕೊಂಡು ಬರುತ್ತದೆ. ನಾವು ಮುದ್ದೆ ನುಂಗುವಾಗ, ಮಾತಾಡುವಾಗ ದವಡೆ ಆಡಿದರೆ ಅದಕ್ಕೂ ಒಂದು ಸಹಾಯ. ಅಂದರೆ ಕಿವಿಗೆ ಅದರದೇ ಪೌರಕಾರ್ಮಿಕರಿದ್ದಾರೆ, ಸಂಬಳ ಇಲ್ಲದೆ ದುಡಿಯುತ್ತಾರೆ.

ನಾವು ಕಡ್ಡಿ ಹಾಕಿದಾಗ ತುದಿಗೆ ಚೂರು ಅಂಟಿಕೊಂಡು ಬರುತ್ತದೆ ನಿಜ. ಉಳಿದದ್ದೆಲ್ಲ ಒಳಗೆ ಹೋಗಿ, ಗುಗ್ಗೆಯೇ ಹುಟ್ಟದ ಜಾಗದಲ್ಲಿ ತಮಟೆಯ ಹತ್ತಿರ ಗಟ್ಟಿಯಾಗಿ ಕೂರುತ್ತದೆ. ಬಂದೂಕಿಗೆ ಮದ್ದು ಜಡಿದ ಹಾಗೆ! ಹತ್ತಿಯ ಬಡ್ಸ್ ಮೆತ್ತಗಿದೆ, ಏನೂ ಆಗಲ್ಲ ಅನ್ನುವವರಿಗೂ ಇದೇ ಮಾತು. ಪ್ಲಾಸ್ಟಿಕ್ ಕಡ್ಡಿಯ ಬಡ್ಸ್ 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ. ಅದು ಪ್ಲಾಸ್ಟಿಕ್ ಕಸ ತಡೆಯಲು ಮಾಡಿದ್ದು, ಕಿವಿ ಉಳಿಸಲು ಅಲ್ಲ. ಕಾಗದದ ಕಡ್ಡಿ, ಬಿದಿರು ಕಡ್ಡಿ ಬಂದರೂ ಕಿವಿಗೆ ಆಗುವ ಕೇಡು ಅಷ್ಟೇ. ಈಗ ಮೊಬೈಲಿಗೆ ಜೋಡಿಸುವ ಕ್ಯಾಮರಾ ಗುಗ್ಗೆಕಡ್ಡಿಯೂ ಬಂದಿದೆ. ಚಿತ್ರ ಕಾಣುತ್ತದೆ ಸರಿ, ಆದರೆ ಕಡ್ಡಿ ತಮಟೆಗೆ ಎಷ್ಟು ದೂರ ಇದೆ ಅನ್ನುವುದು ಆ ಚಿತ್ರದಲ್ಲಿ ತಿಳಿಯುವುದು ಕಷ್ಟ. ಪಕ್ಕದಲ್ಲಿ ಯಾರಾದರೂ ಕೈ ತಗಲಿಸಿದರೆ ತಮಟೆ ತೂತು.

ಎಣ್ಣೆ ಹಚ್ಚಿಕೊಂಡು ತಲೆಗೆ ನೀರು ಹಾಕಿಕೊಂಡ ದಿನ ಇದ್ದಕ್ಕಿದ್ದಂತೆ ಕಿವಿ ಮುಚ್ಚಿತು ಅನ್ನುವವರು ಬಹಳ. ಗುಗ್ಗೆ ಮೊದಲೇ ತುಂಬಿರುತ್ತದೆ, ಸಣ್ಣ ಸಂದಿಯಲ್ಲಿ ಶಬ್ದ ನುಗ್ಗುತ್ತಿರುತ್ತದೆ. ನೀರು ಕುಡಿದ ಗುಗ್ಗೆ ಉಬ್ಬಿ ಆ ಸಂದಿಯೂ ಬಂದ್. ಆಗ "ಎಣ್ಣೆ ಕಾಯಿಸಿ, ಬೆಳ್ಳುಳ್ಳಿ ಹಾಕಿ ಬಿಡಪ್ಪ" ಅನ್ನುವ ಸಲಹೆ ಬರುತ್ತದೆ. ಬಿಸಿ ಹೆಚ್ಚಾದರೆ ಒಳಗೆ ಸುಡುತ್ತದೆ. ತೇವದ ಕಿವಿಯಲ್ಲಿ ಬೂಷ್ಟು ಬೆಳೆದರೆ ಕೆರೆತ, ನೋವು ಬೇರೆ.

ಎಲ್ಲ ಮುಚ್ಚಿದ ಕಿವಿಯೂ ಗುಗ್ಗೆಯದಲ್ಲ, ಇದು ಮುಖ್ಯ. ನೆಗಡಿ ಬಂದಾಗ ಮೂಗಿನ ಹಿಂಭಾಗದಿಂದ ಕಿವಿಗೆ ಹೋಗುವ ಸಣ್ಣ ನಳಿಗೆ ಊದಿಕೊಂಡು ಕಿವಿ ಕಟ್ಟುತ್ತದೆ. ಧರ್ಮಸ್ಥಳಕ್ಕೆ ಹೋಗುವ ಬಸ್ಸು ಚಾರ್ಮಾಡಿ ಘಾಟಿ ಇಳಿಯುವಾಗ ಕಿವಿ ದಪ್ಪಗಾಗುವುದೂ ಈ ನಳಿಗೆಯಿಂದಲೇ. ಎಂಜಲು ನುಂಗಿ, ಆಕಳಿಸಿ, ಬಿಟ್ಟುಕೊಳ್ಳುತ್ತದೆ. ಕಿವಿ ಸೋರುತ್ತಿದ್ದರೆ ತಮಟೆ ತೂತಾಗಿರಬಹುದು. ಅಂಥ ಕಿವಿಗೆ ಎಣ್ಣೆಯಾಗಲಿ ನೀರಾಗಲಿ ಬಿಡಲೇಬಾರದು.

ಎಲ್ಲಕ್ಕಿಂತ ಕೆಟ್ಟದ್ದು ನರದ ತೊಂದರೆ. ರಾತ್ರಿ ಚೆನ್ನಾಗಿ ಮಲಗಿದವರಿಗೆ ಬೆಳಿಗ್ಗೆ ಒಂದು ಕಿವಿ ಕೇಳುವುದಿಲ್ಲ. ಗುಗ್ಗೆ ಇರಬೇಕು ಅಂತ ಎಣ್ಣೆ ಬಿಟ್ಟುಕೊಂಡು ತಿಂಗಳು ಕಳೆಯುತ್ತಾರೆ. ಅಷ್ಟರಲ್ಲಿ ಔಷಧಿಯ ಕಾಲ ಮೀರಿರುತ್ತದೆ. ಒಂದು ಸಣ್ಣ ಸುಳಿವು ಇದೆ. ಬಾಯಿ ಮುಚ್ಚಿ "ಮ್‌ಮ್‌ಮ್" ಅಂತ ಗುನುಗಿ ನೋಡಿ. ಮುಚ್ಚಿದ ಕಿವಿಯಲ್ಲೇ ಜೋರಾಗಿ ಕೇಳಿದರೆ ಗುಗ್ಗೆಯಂಥ ಅಡ್ಡ ಇರುವ ಸಂಭವ ಹೆಚ್ಚು. ಒಳ್ಳೆ ಕಿವಿಯಲ್ಲಿ ಜೋರಾಗಿ ಕೇಳಿದರೆ ನರದ ಮೇಲೆ ಅನುಮಾನ. ಡಾಕ್ಟರು ಇದನ್ನೇ ಕಂಪಿಸುವ ಕವಲುಕಡ್ಡಿಯನ್ನು ಹಣೆಗೆ ಇಟ್ಟು ಮಾಡುತ್ತಾರೆ. ಗುನುಗು ಏನೇ ಹೇಳಲಿ, ಇದ್ದಕ್ಕಿದ್ದಂತೆ ಕಿವುಡಾದರೆ ಅದೇ ದಿನ, ತಪ್ಪಿದರೆ ಮರುದಿನ, ಡಾಕ್ಟರ ಮುಂದೆ ಕೂರಬೇಕು.

ಬರೀ ಗುಗ್ಗೆಯಾದರೆ ಹೆದರಬೇಕಾದ್ದಿಲ್ಲ. ಡಾಕ್ಟರು ದೀಪದ ಕೊಳವೆಯಲ್ಲಿ ನೋಡಿ, ಕರಗಿಸುವ ಹನಿ ಬರೆದುಕೊಡುತ್ತಾರೆ. ಪಕ್ಕಕ್ಕೆ ಮಲಗಿ ಹಾಕಿಸಿಕೊಂಡು ಐದು ನಿಮಿಷ ಹಾಗೇ ಇರಬೇಕು. ಮೊದಲ ದಿನಗಳಲ್ಲಿ ಗುಗ್ಗೆ ಉಬ್ಬಿ ಕಿವಿ ಇನ್ನೂ ಮುಚ್ಚಿದಂತಾದರೆ ಗಾಬರಿ ಬೇಡ. ಕೆಲವರಿಗೆ ಇಷ್ಟರಲ್ಲೇ ಬಿಡುತ್ತದೆ. ಬಿಡದಿದ್ದರೆ ಸಣ್ಣ ಕೊಕ್ಕೆಯಿಂದಲೋ, ಹೀರುವ ಯಂತ್ರದಿಂದಲೋ, ನೀರಿನ ಪಿಚಕಾರಿಯಿಂದಲೋ ತೆಗೆಯುತ್ತಾರೆ. ಸಕ್ಕರೆ ಕಾಯಿಲೆ ಇರುವವರು, ಕಿವಿ ಆಪರೇಷನ್ ಆದವರು, ಹಿಂದೆ ಕಿವಿ ಸೋರಿದವರು ಅದನ್ನು ಮೊದಲೇ ಹೇಳಬೇಕು.

ಪಿಚಕಾರಿಯ ನೀರು ಮೈಯಷ್ಟೇ ಬೆಚ್ಚಗಿರಬೇಕು. ತಣ್ಣೀರು ಬಿಟ್ಟರೆ ತಲೆ ಗಿರ್ರೆನ್ನುತ್ತದೆ. ವಿಯೆನ್ನಾದಲ್ಲಿ ರಾಬರ್ಟ್ ಬರಾನಿ ಎಂಬ ಕಿವಿ ಡಾಕ್ಟರು ಕಿವಿ ತೊಳೆಯುವಾಗ ರೋಗಿಗಳಿಗೆ ತಲೆ ಸುತ್ತುವುದನ್ನು ಗಮನಿಸಿದರು. ತಣ್ಣೀರಿಗೆ ಕಣ್ಣುಗುಡ್ಡೆ ಒಂದು ಕಡೆ ಎಳೆದರೆ ಬಿಸಿನೀರಿಗೆ ಇನ್ನೊಂದು ಕಡೆ! ಒಳಕಿವಿಯೇ ನಮ್ಮ ತಕ್ಕಡಿ ಅನ್ನುವುದನ್ನು ಅವರು ಈ ಜಾಡಿನಲ್ಲೇ ಬಿಡಿಸಿ ತೋರಿಸಿದರು. 1914ರ ನೊಬೆಲ್ ಬಹುಮಾನ ಅವರಿಗೆ ಬಂದಾಗ ಅವರಿದ್ದದ್ದು ರಷ್ಯದ ಯುದ್ಧಕೈದಿಗಳ ಶಿಬಿರದಲ್ಲಿ.

ಬಸ್ ಸ್ಟ್ಯಾಂಡುಗಳಲ್ಲಿ ಕೆಂಪು ಪೇಟ ಸುತ್ತಿ, ಕಿವಿಗೆ ಹತ್ತಿ ಸಿಕ್ಕಿಸಿಕೊಂಡು ಕರೆಯುವವರ ಕೈಚಳಕ ದೊಡ್ಡದೇ ಇರಬಹುದು. ಆದರೆ ಒಂದೇ ಸಲಾಕಿ ಎಷ್ಟು ಕಿವಿ ನೋಡಿ ಬಂದಿರುತ್ತದೆ ಎಂದು ಕೇಳಿಕೊಳ್ಳಿ.

ಮಕ್ಕಳ ಕಥೆ ಇನ್ನೊಂದು. ಶೇಂಗಾ ಬೀಜವೋ ಹುಣಸೆ ಬೀಜವೋ ಕಿವಿಗೆ ಹಾಕಿಕೊಂಡರೆ ನೀರು ಬಿಡಬೇಡಿ, ಬೀಜ ಉಬ್ಬಿ ಕಚ್ಚಿಕೊಳ್ಳುತ್ತದೆ. ಹುಳ ಹೊಕ್ಕು ಗುಡುಗುಡು ಅನ್ನುತ್ತಿದ್ದರೆ, ತಮಟೆ ಸರಿಯಿದ್ದ ಕಿವಿಗೆ ಬಿಸಿಯಿಲ್ಲದ ಕೊಬ್ಬರಿ ಎಣ್ಣೆ ನಾಲ್ಕು ಹನಿ ಬಿಟ್ಟು ಅದನ್ನು ಸಾಯಿಸಿ ಆಸ್ಪತ್ರೆಗೆ ಕರೆದೊಯ್ಯಿರಿ. ಆಟದ ಸಾಮಾನಿನ ಬಟನ್ ಸೆಲ್ ಸಿಕ್ಕಿದ್ದರೆ ಒಂದು ಹನಿಯನ್ನೂ ಹಾಕಬಾರದು. ಅದು ಗಂಟೆಗಳಲ್ಲೇ ಒಳಗೆ ಸುಡುತ್ತದೆ. ನಾಳೆ ನೋಡೋಣ ಅನ್ನದೆ, ಸಿಕ್ಕ ಗಾಡಿ ಹತ್ತಿ ಹಿರಿಯೂರಿಗೋ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಗೋ ಹೊರಡಬೇಕು.