ಕಾಗದದ ತಪ್ಪೂ ರಸ್ತೆಯ ತಪ್ಪೂ

ನಮ್ಮ ವೃದ್ಧ ಸ್ನೇಹಿತರೊಬ್ಬರು, ನಿವೃತ್ತ ಉಪಾಧ್ಯಾಯರು, ಕೆಲವು ವಾರಗಳ ಹಿಂದೆ ಒಂದು ಕಾಗದವನ್ನು ಹಿಡಿದು ನಮ್ಮ ಕಾರ್ಯಾಲಯಕ್ಕೆ ದಯಮಾಡಿಸಿದರು. ಅವರು ತಮ್ಮ ಮೋಟಾರು ಕಾರನ್ನು ಮಿತಿಮೀರಿದ ವೇಗದಿಂದ ನಡೆಸಿದರೆಂದೂ, ಅದಕ್ಕಾಗಿ 1,000 ರೂಪಾಯಿ ಜುಲ್ಮಾನೆ ತೆರಬೇಕೆಂದೂ ಅದರಲ್ಲಿ ಬರೆದಿತ್ತು. ರಸ್ತೆಯ ಕಂಬದ ಮೇಲಿನ ಕ್ಯಾಮರಾ ತೆಗೆದ ಚಿತ್ರವೂ ಜೊತೆಗಿತ್ತು. ಕಾರು ಅವರದೇ, ನಂಬರು ಸರಿಯೇ, ಗಂಟೆಗೆ 62 ಕಿಲೋಮೀಟರು ಎಂಬ ವೇಗವೂ ಸರಿಯಿರಬಹುದೆಂದು ಅವರೇ ಒಪ್ಪಿದರು. ತಪ್ಪಿದ್ದುದು ಸ್ಥಳದ ಹೆಸರು. ಚಿತ್ರ ತೆಗೆದದ್ದು ಊರೊಳಗೆ ಶಾಲೆಯೊಂದರ ಸಮೀಪದಲ್ಲಿ. ಅಲ್ಲಿನ ಫಲಕದಲ್ಲಿ ಮಿತಿಯು 40. ಕಾಗದದಲ್ಲಿ ಅಚ್ಚಾಗಿದ್ದುದು ಮೂರು ಕಿಲೋಮೀಟರು ಆಚೆಯ ಹೆದ್ದಾರಿ. ಅಲ್ಲಿನ ಮಿತಿಯು 80. ಕಾಗದವನ್ನೇ ನಂಬುವುದಾದರೆ ನಮ್ಮ ಸ್ನೇಹಿತರು ಯಾವ ಅಪರಾಧವನ್ನೂ ಮಾಡಿದವರಲ್ಲ! "ತಕರಾರು ಹೂಡಲೇ ಸ್ವಾಮಿ, ಹಣ ಕಟ್ಟಿ ಕೈತೊಳೆದುಕೊಳ್ಳಲೇ?" ಎಂದು ಅವರು ಕೇಳಿದರು.

ಈ ಪ್ರಶ್ನೆ ಅವರೊಬ್ಬರದಲ್ಲ. ಆದಕಾರಣ ಮೊದಲು ಕಾನೂನಿನ ಮಾತನ್ನು ಹೇಳುವೆವು. 1988ನೆಯ ಇಸವಿಯ ಮೋಟಾರು ವಾಹನಗಳ ಕಾಯಿದೆಯ 183ನೆಯ ಪ್ರಕರಣವು ಅತಿವೇಗಕ್ಕೆ ದಂಡವನ್ನು ವಿಧಿಸುತ್ತದೆ. ಒಬ್ಬ ಸಾಕ್ಷಿಯು 'ವೇಗವಾಗಿ ಹೋದಂತೆ ನನಗೆ ತೋರಿತು' ಎಂದ ಮಾತ್ರಕ್ಕೆ ಶಿಕ್ಷೆ ಕೂಡದು, ಯಂತ್ರದ ಅಳತೆ ಬೇಕು ಎಂದು ಅದೇ ಪ್ರಕರಣವು ಹೇಳುತ್ತದೆ. 2021ರಲ್ಲಿ ಕೇಂದ್ರ ಸರ್ಕಾರದವರು ಸೇರಿಸಿದ 167ಎ ನಿಯಮವು ಇನ್ನೂ ಮುಂದೆ ಹೋಗಿ, ವಾಹನದ ನಂಬರು ಕಾಣುವ ಸ್ಪಷ್ಟವಾದ ಚಿತ್ರ, ಯಂತ್ರದ ಅಳತೆ, ದಿನ, ವೇಳೆ, ಸ್ಥಳ, ಉಲ್ಲಂಘನೆಯಾದ ಪ್ರಕರಣ ಇವೆಲ್ಲವೂ ನೋಟೀಸಿನಲ್ಲಿ ಇರತಕ್ಕದ್ದೆಂದು ವಿಧಿಸಿತು. ಆದುದರಿಂದ ಸ್ಥಳವೆಂಬುದು ಅಲಂಕಾರಕ್ಕಾಗಿ ತುಂಬುವ ಅಂಕಣವಲ್ಲ.

ಹಾಗೆಂದು, ಒಂದು ತಪ್ಪು ಸಿಕ್ಕೊಡನೆಯೇ ಮೊಕದ್ದಮೆಯು ಬಿದ್ದುಹೋಯಿತೆಂದು ಹಿಗ್ಗುವವರು ಮೋಸಹೋಗುವರು. ಹಿಂದಿನ ಕ್ರಿಮಿನಲ್ ಪ್ರೊಸೀಜರ್ ಕೋಡೂ, 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಒಂದೇ ತತ್ತ್ವವನ್ನು ಹಿಡಿದಿವೆ: ಆರೋಪವನ್ನು ಬರೆಯುವಲ್ಲಿ ಆದ ತಪ್ಪು, ಆಪಾದಿತನನ್ನು ವಾಸ್ತವವಾಗಿ ದಾರಿ ತಪ್ಪಿಸಿ ನ್ಯಾಯಕ್ಕೆ ಭಂಗವನ್ನುಂಟುಮಾಡಿದ ಹೊರತು, ಮುಖ್ಯವಾದುದಲ್ಲ. ತೀರ್ಪಿಗೆ ಮುಂಚೆ ಆರೋಪವನ್ನು ತಿದ್ದುವ ಅಧಿಕಾರವೂ ನ್ಯಾಯಾಸ್ಥಾನಕ್ಕೆ ಉಂಟು. ಹೆಸರಿನಲ್ಲಿ ಒಂದು ದೀರ್ಘ ಬಿಟ್ಟುಹೋದರೆ, ವಿಳಾಸದಲ್ಲಿ ಒಂದು ಅಂಕಿ ತಪ್ಪಿದರೆ ಯಾರೂ ಉಳಿದುಕೊಳ್ಳಲಾರರು. ವಾಹನದ ನಂಬರೇ ಬೇರೆಯವರದಾದರೆ, ಅಥವಾ ನಮ್ಮ ಸ್ನೇಹಿತರ ಕಾಗದದಲ್ಲಿದ್ದಂತೆ ವೇಗದ ಮಿತಿಯೇ ಬದಲಾಗುವಷ್ಟು ಸ್ಥಳ ತಪ್ಪಿದರೆ, ಆಗ ಅದು ಬುಡಕ್ಕೆ ತಟ್ಟುವ ತಪ್ಪು. ತಕರಾರು ಹೂಡಿದರೆ ಅವರು ಗೆಲ್ಲಲೂಬಹುದು. ಚಿತ್ರವನ್ನು ನೋಡಿ ಸ್ಥಳವನ್ನು ತಿದ್ದಿದರೆ ಸೋಲಲೂಬಹುದು. ವಕೀಲರ ಫೀಜು, ಓಡಾಟ, ವಾಯಿದೆಗಳು ಇವನ್ನೆಲ್ಲ ಕೂಡಿಸಿದರೆ ಮೂಗಿಗಿಂತ ಮೂಗುತಿಯೇ ಭಾರವಾದೀತು.

ಆದರೆ ಇದು ಬರಿಯ ಲೆಕ್ಕದ ಮಾತಲ್ಲವೆಂದು ನಮ್ಮ ಅಭಿಪ್ರಾಯ. 2023ರ ಫೆಬ್ರವರಿಯಲ್ಲಿ ಬಾಕಿ ಜುಲ್ಮಾನೆಗಳ ಮೇಲೆ ಅರ್ಧದಷ್ಟು ರಿಯಾಯಿತಿಯನ್ನು ನಮ್ಮ ರಾಜ್ಯದ ಸರ್ಕಾರದವರು ಸಾರಿದಾಗ ಜನರು ಮುಗಿಬಿದ್ದು ಹಣ ಕಟ್ಟಿದರು. ದಂಡವೆಂಬುದು ಬೆಲೆ ಇಳಿಯುವ ಸರಕಾಯಿತು. ತಾನು ಮಾಡಿದ್ದು ತಪ್ಪೆಂಬ ಭಾವನೆಗೆ ಅಲ್ಲಿ ಸ್ಥಳವೆಲ್ಲಿ? ತಪ್ಪು ಮಾಡದವನು ಬೇಸರದಿಂದ ಹಣ ಕಟ್ಟುವುದೂ, ತಪ್ಪು ಮಾಡಿದವನು ಗುಮಾಸ್ತೆಯ ಕೈತಪ್ಪಿನ ಹಿಂದೆ ಅಡಗುವುದೂ ಈ ಭಾವನೆ ಅಳಿದುದರ ಎರಡು ಲಕ್ಷಣಗಳು. ನಿರಪರಾಧಿಯಾದವನು, ಕಾಗದದಲ್ಲಿ ಒಂದು ಅಕ್ಷರವೂ ತಪ್ಪದಿದ್ದರೂ, ತಕರಾರು ಹೂಡಲೇಬೇಕು. ಅವನು ಸುಮ್ಮನಿದ್ದರೆ ಯಂತ್ರದ ದೋಷವು ಹತ್ತು ಮಂದಿಯನ್ನು ಬಾಧಿಸೀತು.

ಅಧಿಕಾರಿಗಳೂ ಒಂದು ಮಾತನ್ನು ಕೇಳಬೇಕು. ಹೆಸರಿನ ಒಂದು ಅಕ್ಷರ ವ್ಯತ್ಯಾಸವಾದರೆ ಪಿಂಚಣಿಯ ಅರ್ಜಿಯನ್ನು ಹಿಂದಿರುಗಿಸುವ, ಖಾತೆಯನ್ನು ವರ್ಷಗಟ್ಟಲೆ ತಡೆಹಿಡಿಯುವ ಕಚೇರಿಗಳು ನಮ್ಮಲ್ಲಿ ವಿರಳವಲ್ಲ. ಪ್ರಜೆಯಿಂದ ಇಷ್ಟು ನಿಷ್ಕೃಷ್ಟತೆಯನ್ನು ಬಯಸುವ ಸರ್ಕಾರವು, ಪ್ರಜೆಯ ಮೇಲೆ ಅಪರಾಧವನ್ನು ಹೊರಿಸುವ ಕಾಗದದಲ್ಲಿ ಸ್ಥಳವನ್ನಾದರೂ ಸರಿಯಾಗಿ ಬರೆಯುವುದು ಬೇಡವೇ? 'ಸಣ್ಣ ತಪ್ಪು' ಎಂಬ ಕ್ಷಮೆಯು ಮೇಜಿನ ಒಂದು ಕಡೆಗೆ ಮಾತ್ರ ಸಲ್ಲತಕ್ಕದ್ದಲ್ಲ.

ನಾವು ನಮ್ಮ ಸ್ನೇಹಿತರಿಗೆ ಇಷ್ಟೇ ಹೇಳಿದೆವು: "ನಿಮ್ಮ ವಿರುದ್ಧ ನೀವೇ ಸಾಕ್ಷಿ ಹೇಳಬೇಕೆಂದು ಕಾನೂನು ಬಲಾತ್ಕರಿಸುವುದಿಲ್ಲ. ತಕರಾರಿನ ಹಕ್ಕು ನಿಮಗುಂಟು. ಆದರೆ ಆ ಸ್ಥಳದಲ್ಲಿ ನಾನಿರಲಿಲ್ಲವೆಂದು ಮಾತ್ರ ಹೇಳಬೇಡಿರಿ." ಅವರು ಬಹಳ ಹೊತ್ತು ಸುಮ್ಮನಿದ್ದು, "ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನು ನಾನು. ಶಾಲೆಯ ಮುಂದೆಯೇ ಹಾಗೆ ಓಡಿಸಿದೆನಲ್ಲ!" ಎಂದರು. ಬಳಿಕ ಅಲ್ಲಿಯೇ ಕುಳಿತು, ಸ್ಥಳವು ತಪ್ಪಾಗಿದೆಯೆಂದೂ, ಸರಿಯಾದ ಸ್ಥಳ ಇಂಥದೆಂದೂ, ತಿದ್ದಿದ ನೋಟೀಸು ಬಂದೊಡನೆ ಜುಲ್ಮಾನೆಯನ್ನು ಸಲ್ಲಿಸುವುದಾಗಿಯೂ ಸಂಬಂಧಪಟ್ಟ ಕಚೇರಿಗೆ ಪತ್ರ ಬರೆದರು.

ಎಲ್ಲರೂ ಹೀಗೆಯೇ ಮಾಡಬೇಕೆಂದು ನಾವು ಹೇಳಲಾರೆವು. ಪ್ರಜೆಯೊಬ್ಬನು ತನ್ನ ತಪ್ಪನ್ನೂ ಸರ್ಕಾರದ ತಪ್ಪನ್ನೂ ಒಂದೇ ಕಾಗದದಲ್ಲಿ ತಿದ್ದಿದ ಬಗೆ ಇದೆಂದು ಮಾತ್ರ ಹೇಳಬಲ್ಲೆವು. ಪತ್ರವನ್ನು ಅಂಚೆಯಲ್ಲಿ ಕಳುಹಿಸಿ ಐದು ವಾರಗಳಾದುವು. 1,000 ರೂಪಾಯಿ ಲಕೋಟೆಯಲ್ಲಿ ಸಿದ್ಧವಾಗಿದೆ. ಉತ್ತರ ಇನ್ನೂ ಬಂದಿಲ್ಲ.